ಗೋಡೆ ಬಿಡುವುದು

ನಮ್ಮಕ್ಕ ಸರ್ಕಾರಿ ಬಸ್ಸಿನ ಕಂಡಕ್ಟರ್. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಎಂದು ಒಂದೇ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿ, ಯಾವ ಹಳ್ಳಿಯ ಗೇಟಿನಲ್ಲಿ ಯಾರು ಕೈ ತೋರಿಸುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿದೆ. ಬಾಗಿಲಲ್ಲಿ ಜೋತುಬಿದ್ದ ಹುಡುಗರು ಒಳಗೆ ಬರುವ ತನಕ ಬಸ್ಸು ಅಲ್ಲಾಡಲು ಬಿಡುವುದಿಲ್ಲ. ಡ್ರೈವರ್ ಗೊಣಗಿದರೂ ಅಷ್ಟೆ, ಜನ ಬೈದರೂ ಅಷ್ಟೆ. ಅಂಥವಳು ವರ್ಷಕ್ಕೊಮ್ಮೆ ರಜೆ ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ನನ್ನ ಜೊತೆ ಅಂಡಮಾನಿನ ಸಮುದ್ರಕ್ಕೆ ಇಳಿಯುತ್ತಾಳೆ ಎಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ನಂಬಿದವರು, “ಅದರಾಗ ಏನ್ ಸಿಗತೈತ್ರಿ?” ಎಂದು ಕೇಳುತ್ತಾರೆ. ಏನೂ ಸಿಗುವುದಿಲ್ಲ, ಏನನ್ನೂ ಮುಟ್ಟುವ ಹಾಗೂ ಇಲ್ಲ ಎಂದರೆ, ಅಕ್ಕತಂಗಿ ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಮಾತು ಬದಲಿಸುತ್ತಾರೆ.

ಈ ಹುಚ್ಚು ಹಿಡಿಸಿದವಳು ನಾನು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದೇನೆ. ಅದಕ್ಕೂ ಮುಂಚೆ ಕೆಲವು ವರ್ಷ ಆ ದ್ವೀಪಗಳ ಶಾಲೆಯೊಂದರಲ್ಲಿ ಕೆಲಸಕ್ಕಿದ್ದೆ. ರಜೆಯ ದಿನ ಬೇಜಾರು ಕಳೆಯಲೆಂದು ಡೈವಿಂಗ್ ಕಲಿತೆ. ಒಂದು ಬೇಸಿಗೆಯಲ್ಲಿ ಅಕ್ಕ ನನ್ನನ್ನು ನೋಡಲು ಬಂದಳು. ಮೊದಲ ದಿನ ದೋಣಿಯಲ್ಲಿ ಕೂತು ನಾನು ಇಳಿಯುವುದನ್ನು, ಏಳುವುದನ್ನು ನೋಡಿದಳು. ಎರಡನೆಯ ದಿನ, “ಬಾವ್ಯಾಗ ಮುಳುಗೋ ನಿನ್ನ ಎತ್ತಿದಾಕಿ ನಾನು. ನನಗ ಕಲಿಸಾಕ ನಿನಗೇನು ಧಾಡಿ?” ಎಂದು ಜಗಳಕ್ಕೆ ನಿಂತಳು. ಕಲಿತಳು. ಒಂದೆರಡು ವರ್ಷದಲ್ಲಿ, ಅನುಭವಸ್ಥರನ್ನು ಮಾತ್ರ ಕರೆದೊಯ್ಯುವ ಜಾಗಗಳಿಗೂ ಅವಳನ್ನು ಕರೆಯತೊಡಗಿದರು. ನನಗಿಂತ ಅವಳಿಗೆ ಗಾಳಿ ಬಹಳ ಕಡಿಮೆ ಬೇಕು. ಮೇಲೆ ಬಂದಾಗ ನನ್ನ ಸಿಲಿಂಡರ್ ಬರಿದಾಗುತ್ತ ಬಂದಿರುತ್ತದೆ, ಅವಳದರಲ್ಲಿ ಇನ್ನೂ ಸಾಕಷ್ಟು ಉಳಿದಿರುತ್ತದೆ. “ಇರೋ ಉಸಿರೆಲ್ಲಾ ಬಸ್ಸಿನಾಗ ಒದರಿ ಖರ್ಚು ಮಾಡ್ತಿ, ಇಲ್ಲಿ ಬಂದು ಜಿಪುಣತನ ಮಾಡ್ತಿ,” ಎಂದು ನಾನು ರೇಗಿಸುತ್ತಿದ್ದೆ.

ಅವ್ವ ಕೊಟ್ಟೂರಿನಲ್ಲಿ ಅಕ್ಕನ ಜೊತೆಗೇ ಇದ್ದಾಳೆ. ಅವಳಿಗೆ ಸಮುದ್ರದ ಚಿತ್ರ ತೋರಿಸಿದರೆ ಬೇಡ ಎನ್ನುತ್ತಾಳೆ. ನಾವು ಹೊರಡುವ ದಿನ ಅವಳು ಕೇಳುವುದು ಒಂದೇ ಮಾತು. “ಇಬ್ರೂ ಕೂಡೇ ಇಳೀತೀರಿಲ್ಲ?” ಹೌದು ಎಂದರೆ ಮುಗಿಯಿತು, ಮುಂದೆ ಏನನ್ನೂ ಕೇಳುವುದಿಲ್ಲ. ಆ ಒಂದು ಭರವಸೆಯ ಮೇಲೆ ನಮ್ಮನ್ನು ಕಳಿಸುತ್ತಾಳೆ.

ನಾವಿಬ್ಬರೂ ಈಜು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ. ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಕಲ್ಲು ಕಟ್ಟಿದ ದೊಡ್ಡ ಚೌಕ ಬಾವಿ ಅದು. ಅಜ್ಜನ ಕಾಲದಲ್ಲಿ ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದರಂತೆ. ಇಳಿಯಲು ಮೆಟ್ಟಿಲಿಲ್ಲ, ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲುಗಳಿವೆ, ಅವುಗಳ ಮೇಲೆ ಕಾಲಿಟ್ಟು ಇಳಿಯಬೇಕು. ಅಪ್ಪ ನಮ್ಮ ಬೆನ್ನಿಗೆ ಕತ್ತಾಳೆ ದಿಂಡಿನ ಬೆಂಡು ಕಟ್ಟಿ ನೀರಿಗೆ ಬಿಡುತ್ತಿದ್ದ. ಕಲಿತಂತೆಲ್ಲ ಬೆಂಡಿನ ತುಂಡು ಕಡಿಮೆ ಮಾಡುತ್ತ ಹೋಗುತ್ತಿದ್ದ. ನಮ್ಮ ಕಡೆಯ ಬಾವಿಗಳಲ್ಲಿ ಈಜುವವರಿಗೆಲ್ಲ ಇರುವ ಅಭ್ಯಾಸವನ್ನೇ ನಮಗೂ ಹೇಳಿಕೊಟ್ಟ. “ಸುಸ್ತಾದ್ರ ನಡುವಿಗೆ ಹೋಗಬ್ಯಾಡ್ರಿ. ಗೋಡಿ ಹಿಡಕೊಂಡು ನಿಲ್ರಿ, ನಾ ಬರ್ತೀನಿ.”

ಅದು ಸುಮ್ಮನೆ ಹೇಳಿದ ಮಾತಲ್ಲ ಎಂದು ನನಗೆ ಗೊತ್ತಾದ ದಿನವೂ ಬಂತು. ನಾನಿನ್ನೂ ಚಿಕ್ಕವಳು. ಬಾವಿಯ ನಡುವೆ ಇದ್ದಾಗ ಬೆಂಡಿನ ಹಗ್ಗ ಸಡಿಲವಾಗಿ ಕಳಚಿಕೊಂಡಿತು. ಎರಡು ಸಲ ನೀರು ಕುಡಿದೆ. ಅಕ್ಕ ಗೋಡೆಯ ಒಂದು ಕಲ್ಲನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನೆಲ್ಲ ನೀರಿನ ಮೇಲೆ ಚಾಚಿ, ಇನ್ನೊಂದು ಕೈಯಲ್ಲಿ ನನ್ನ ಜಡೆ ಹಿಡಿದಳು. ಅಪ್ಪ ಹೊಲದ ಆ ತುದಿಯಿಂದ ಓಡಿ ಬರುವ ತನಕ ಎರಡನ್ನೂ ಬಿಡಲಿಲ್ಲ. ಆಮೇಲೆ ನೋಡಿದರೆ ಕಲ್ಲು ಹಿಡಿದ ಕೈಯ ಒಂದು ಉಗುರು ಎದ್ದು ಬಂದಿತ್ತು. ಅವಳು ಅಳಲಿಲ್ಲ. ಅತ್ತವಳು ನಾನು, ಅದೂ ಜಡೆ ಎಳೆದಿದ್ದಕ್ಕೆ.

ಸಮುದ್ರದ ಗೋಡೆ ಬೇರೆ. ಮೇಲೆ ಹವಳದ ಬಂಡೆ ಅಂಗಳದ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ, ಬಿಸಿಲು ತಳದವರೆಗೂ ಬೀಳುತ್ತದೆ, ಬಣ್ಣದ ಮೀನುಗಳು ತಮ್ಮ ಪಾಡಿಗೆ ಮೇಯುತ್ತಿರುತ್ತವೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಅಂಗಳ ಒಮ್ಮೆಲೇ ಮುಗಿಯುತ್ತದೆ. ಅಂಚಿನಿಂದ ಆಚೆ ಗೋಡೆ ನೆಟ್ಟಗೆ ಕೆಳಗೆ ಇಳಿಯುತ್ತದೆ, ನೀಲಿ, ಕಡುನೀಲಿ, ಅದರ ಕೆಳಗೆ ಕಪ್ಪು. ಮೊದಲ ಸಲ ಆ ಅಂಚಿನ ಮೇಲೆ ತೇಲಿ ಕೆಳಗೆ ನೋಡಿ ಮೇಲೆ ಬಂದ ಅಕ್ಕ ದೋಣಿ ಹತ್ತುವ ಮೊದಲೇ ಮಾಸ್ಕ್ ತೆಗೆದು, “ಇದಕ್ಕ ತಳಾನ ಇಲ್ಲಲ್ಲೇ!” ಎಂದಿದ್ದಳು. ಯಾರೋ ಮೋಸ ಮಾಡಿದ್ದಾರೆ ಎನ್ನುವ ಧಾಟಿ ಇತ್ತು ಆ ಮಾತಿನಲ್ಲಿ.

ಅಂದಿನಿಂದ ಗೋಡೆಯ ಪಕ್ಕ ಈಜುವಾಗ ಅವಳದೊಂದು ಚಾಳಿ. ಎಲ್ಲರೂ ಗೋಡೆಯಿಂದ ಎರಡು ಮಾರು ದೂರ ಇದ್ದರೆ, ಇವಳು ಅದನ್ನು ಒರಸಿಕೊಂಡೇ ಹೋಗಬೇಕು. ಹವಳಕ್ಕೆ ಜೀವ ಇದೆ, ಕೈ ತಾಗಿದರೆ ಸಾಯುತ್ತದೆ, ಕೆಲವಂತೂ ಬೆಂಕಿಯ ಹಾಗೆ ಸುಡುತ್ತವೆ. ಅವಳು ಮುಟ್ಟುತ್ತಿರಲಿಲ್ಲ ಎನ್ನಿ, ಆದರೆ ಮುಟ್ಟುವಷ್ಟು ಹತ್ತಿರ ಒಂದು ಕೈ ಯಾವಾಗಲೂ ಸಿದ್ಧವಾಗಿರುತ್ತಿತ್ತು. ನಾನು ಬೈಯುತ್ತಿದ್ದೆ. “ಯಕ್ಕ, ಇದು ನಮ್ಮ ಹೊಲದ ಬಾವಿ ಅಲ್ಲ.” “ಗೊತ್ತೈತಿ ಹೋಗಲೇ, ದೊಡ್ಡ ಮಾಸ್ತರಿಣಿ,” ಎನ್ನುತ್ತಿದ್ದಳು. ಮರುದಿನ ಮತ್ತೆ ಅದೇ. ನನಗೆ ನಿಜಕ್ಕೂ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲಿ ಭಯವೂ ಇತ್ತು. ಅಂಥ ಗೋಡೆಗಳ ಪಕ್ಕದಲ್ಲಿ ಕೆಲವು ಸಲ ನೀರು ಕೆಳಮುಖವಾಗಿ ಹರಿಯತೊಡಗುತ್ತದೆ, ಗೋಡೆಗೆ ಹತ್ತಿರ ಇದ್ದಷ್ಟೂ ಅದರ ಸೆಳೆತ ಜೋರು. ಆಗ ಗೋಡೆ ಬಿಟ್ಟು ಹೊರಗೆ, ಬಯಲು ನೀರಿಗೆ ಈಜಿಕೊಂಡು ಹೋಗಬೇಕು. ಪ್ರತಿ ಸಲ ಇಳಿಯುವ ಮುಂಚೆ ಇದನ್ನು ಹೇಳುತ್ತಾರೆ, ಪ್ರತಿ ಸಲ ಅವಳು ತಲೆಯಾಡಿಸುತ್ತಾಳೆ. ತಲೆ ಆಡಿಸುವುದು ಬೇರೆ, ಕೈ ಕೇಳುವುದು ಬೇರೆ ಎಂದು ನನಗೆ ಅನುಮಾನ ಇತ್ತು.

ಆ ದಿನ ಬೆಳಿಗ್ಗೆ ಸಮುದ್ರ ಶಾಂತವಾಗಿತ್ತು. ದೋಣಿಯಲ್ಲಿ ನಾವಿಬ್ಬರು, ನಮ್ಮ ಗೈಡ್, ದೋಣಿಯವನು, ಇಷ್ಟೇ ಜನ. ಗೈಡ್ ಆ ದ್ವೀಪದವನೇ. ಮಾತು ಕಡಿಮೆ, ಕಣ್ಣು ಚುರುಕು. ಅಕ್ಕ ಊರಿಂದ ತಂದ ಸಜ್ಜೆಯ ಕಟಿ ರೊಟ್ಟಿ, ಶೇಂಗಾ ಚಟ್ನಿ ಅವರಿಬ್ಬರಿಗೂ ಕೊಟ್ಟಳು. ದೋಣಿ ಓಲಾಡುತ್ತಿದ್ದರೂ ಯಾವುದನ್ನೂ ಹಿಡಿಯದೆ ನೆಟ್ಟಗೆ ನಿಂತು ಹಂಚಿದಳು, ಓಡುವ ಬಸ್ಸಿನಲ್ಲಿ ನಿಂತು ನಿಂತು ಬಂದ ವಿದ್ಯೆ ಅದು. ಗೈಡ್ ಹಿಂದಿಯಲ್ಲಿ ಯೋಜನೆ ಹೇಳಿದ. ಮೂವತ್ತು ಮೀಟರಿಗಿಂತ ಕೆಳಗೆ ಬೇಡ, ಗೋಡೆ ಬಲಕ್ಕೆ ಇರಲಿ, ನಾನು ಮುಂದೆ, ನೀವಿಬ್ಬರೂ ಜೊತೆಗೆ. ನೀರು ಕೆಳಗೆ ಎಳೆದರೆ ಗೋಡೆಯಿಂದ ದೂರ. ಕೊನೆಯ ಮಾತು ಹೇಳುವಾಗ ಅಕ್ಕನ ಮುಖವನ್ನೇ ನೋಡಿದ. ಅವಳು ತಲೆಯಾಡಿಸಿದಳು.

ಇಳಿದೆವು. ಅಂಚು ದಾಟಿ ಗೋಡೆಯ ಪಕ್ಕಕ್ಕೆ ಬಂದಾಗ ನೀರು ತಣ್ಣಗೆ, ತಿಳಿಯಾಗಿ ಇತ್ತು. ಬೀಸಣಿಗೆಯ ಹಾಗೆ ಅಗಲವಾಗಿ ಬೆಳೆದ ಹವಳಗಳು ಗೋಡೆಯಿಂದ ಹೊರಗೆ ಚಾಚಿದ್ದವು. ಒಂದು ದೊಡ್ಡ ಆಮೆ ನಮ್ಮ ಕಡೆ ತಿರುಗಿಯೂ ನೋಡದೆ ಹೋಯಿತು. ಅಕ್ಕ ತನ್ನ ಚಾಳಿಯಂತೆ ಗೋಡೆಗೆ ಒರಸಿಕೊಂಡು, ನಾನು ಅವಳ ಎಡಕ್ಕೆ ಸ್ವಲ್ಪ ಹಿಂದೆ. ದೂರ ಬಾ ಎಂದು ಕೈಸನ್ನೆ ಮಾಡಿದೆ. ಅವಳು ನೋಡಿಯೂ ನೋಡದ ಹಾಗೆ ಮುಂದೆ ಹೋದಳು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮೀನುಗಳು. ಗೋಡೆಯ ಮೀನುಗಳೆಲ್ಲ ತಲೆ ಮೇಲೆ ಮಾಡಿ ನಿಂತು, ಇದ್ದಲ್ಲೇ ಜೋರಾಗಿ ಬಾಲ ಬಡಿಯುತ್ತಿದ್ದವು. ಇದೇನು ಎಂದುಕೊಳ್ಳುವಷ್ಟರಲ್ಲಿ ಬೀಸಣಿಗೆ ಹವಳ ಕೆಳಕ್ಕೆ ಬಾಗಿತು. ನಾನು ಬಿಟ್ಟ ಉಸಿರಿನ ಗುಳ್ಳೆಗಳು ಮೇಲೆ ಹೋಗಲಿಲ್ಲ. ನನ್ನ ಮುಖದ ಸುತ್ತ ತಿರುಗಿ, ಎದೆಯ ಮುಂದೆ ಹಾದು, ಕಾಲಿನ ಕಡೆ ಇಳಿದವು. ನೀರಿನೊಳಗೆ ಗುಳ್ಳೆ ಕೆಳಗೆ ಹೋಗುವುದನ್ನು ನೋಡಿದವರಿಗೆ ಮಾತ್ರ ಗೊತ್ತು ಆ ಭಯ. ಕಿವಿಗಳು ಬಿಗಿದುಕೊಂಡವು. ನಾವು ಇಳಿಯುತ್ತಿದ್ದೇವೆ, ಕಾಲು ಅಲ್ಲಾಡಿಸದೆಯೇ ಇಳಿಯುತ್ತಿದ್ದೇವೆ.

ಗೈಡ್ ತಿರುಗಿ ಎರಡೂ ಕೈಯನ್ನು ಬೀಸಿ ತೋರಿಸಿದ. ಹೊರಗೆ, ಹೊರಗೆ. ನಾನು ಗೋಡೆಗೆ ಬೆನ್ನು ಮಾಡಿ ಕಾಲು ಬಡಿದೆ. ನಾಲ್ಕಾರು ಸಲ ಬಡಿಯುವಷ್ಟರಲ್ಲಿ ಸೆಳೆತ ಸಡಿಲವಾಯಿತು. ಅಕ್ಕ ಪಕ್ಕದಲ್ಲೇ ಬರುತ್ತಿರಬೇಕು ಎಂದು ತಿರುಗಿ ನೋಡಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವಳು ಕೆಳಗಿದ್ದಳು. ಗೋಡೆಯಿಂದ ಹೊರಕ್ಕೆ ಚಾಚಿದ ಒಂದು ಕಲ್ಲನ್ನು ಎಡಗೈಯಲ್ಲಿ ಹಿಡಿದು ಜೋತುಬಿದ್ದಿದ್ದಳು. ನೀರು ಅವಳ ಮೈಯನ್ನು ಕೆಳಕ್ಕೆ ಎಳೆಯುತ್ತಿತ್ತು, ಅವಳ ಗುಳ್ಳೆಗಳೂ ಕೆಳಕ್ಕೆ ಹರಿಯುತ್ತಿದ್ದವು. ನನಗೆ ಅರ್ಥವಾಯಿತು. ಸುಸ್ತಾದವಳು ಗೋಡೆ ಹಿಡಿದು ನಿಂತಿದ್ದಾಳೆ. ಬರುವುದಕ್ಕೆ ಇಲ್ಲಿ ಅಪ್ಪ ಇಲ್ಲ.

ಗೈಡ್ ನಮಗಿಂತ ಮುಂದೆ, ಮೇಲೆ ಇದ್ದ. ಅವನು ಸುತ್ತಿಕೊಂಡು ಬರುವ ತನಕ ನಾನು ಕಾಯಬೇಕಿತ್ತೇನೋ. ಕಾಯಲಿಲ್ಲ. ಈಗಲೂ ಕಾಯುವುದಿಲ್ಲ. ತಿರುಗಿ ಆ ಹರಿಯುವ ನೀರಿಗೇ ಹೋದೆ. ಅದು ನನ್ನನ್ನು ಒಂದೇ ಉಸಿರಿಗೆ ಅವಳ ಬಳಿಗೆ ಇಳಿಸಿತು. ಹಾದುಹೋಗುವಾಗ ಅವಳ ಬಲಗೈ ಮಣಿಕಟ್ಟು ಸಿಕ್ಕಿತು, ಹಿಡಿದುಕೊಂಡೆ. ಆಳ ತೋರಿಸುವ, ಕೈಗಡಿಯಾರದಂಥ ನನ್ನ ಕಂಪ್ಯೂಟರ್ ಕೀಂ ಕೀಂ ಎನ್ನುತ್ತಿತ್ತು. ಮೂವತ್ತು ದಾಟಿ ಬಹಳ ಕೆಳಗೆ ಬಂದಿದ್ದೆವು. ಅಷ್ಟು ಆಳದಲ್ಲಿ ಗಾಳಿ ಮೇಲಿನದಕ್ಕಿಂತ ಹಲವು ಪಟ್ಟು ಬೇಗ ಖರ್ಚಾಗುತ್ತದೆ, ತಲೆಯೂ ಸ್ವಲ್ಪ ಮಂಕಾಗುತ್ತದೆ.

ಅವಳ ಮುಖಕ್ಕೆ ಮುಖ ತಂದೆ. ಮಾಸ್ಕಿನ ಗಾಜಿನ ಹಿಂದೆ ಅವಳ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಕಲ್ಲು ತೋರಿಸಿ, ಬಿಡು ಎಂದು ಸನ್ನೆ ಮಾಡಿದೆ. ಹೊರಗೆ ತೋರಿಸಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ತೋರಿಸಿದೆ. ಮತ್ತೆ ಇಲ್ಲ. ಬಾಯಲ್ಲಿ ಗಾಳಿ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡೇ ನಾನು ಕೂಗಿದೆ, ಏನು ಕೂಗಿದೆನೋ, ಬೈಗುಳವೇ ಇರಬೇಕು. ಮೇಲೆ ತೇಲಿಸುವ ನನ್ನ ಜಾಕೆಟ್ಟಿಗೆ ಗಾಳಿ ತುಂಬಿದೆ, ಅವಳದಕ್ಕೂ ತುಂಬಿದೆ, ಆದರೂ ನೀರಿನ ಸೆಳೆತದ ಮುಂದೆ ಅದು ಯಾವ ಲೆಕ್ಕಕ್ಕೂ ಬರಲಿಲ್ಲ. ಅವಳನ್ನು ಎಳೆದೆ. ಅವಳು ಅಲ್ಲಾಡಲಿಲ್ಲ. ಬಸ್ಸು ನಿಲ್ಲಿಸಿದಾಗ ಹೇಗೆ ನಿಲ್ಲುತ್ತಾಳೋ ಹಾಗೆ. ಸಿಟ್ಟು, ಭಯ, ಅಳು ಮೂರೂ ಒಟ್ಟಿಗೆ ಬಂದು ನಾನು ಏದುಸಿರು ಬಿಡುತ್ತಿದ್ದೆ.

ಅಷ್ಟರಲ್ಲಿ ಅವಳ ಕಣ್ಣು ನನ್ನ ಮುಖ ಬಿಟ್ಟು ಕೆಳಗೆ ಹೋಯಿತು. ನನ್ನ ಸೊಂಟದ ಬಳಿ ಗಾಳಿಯ ಅಳತೆ ತೋರಿಸುವ ಗೇಜು ನೇತಾಡುತ್ತಿತ್ತು, ಅದರ ಮುಳ್ಳನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ನಾನು ಹಿಡಿದಿದ್ದ ತನ್ನ ಬಲಗೈಯನ್ನು ಎಳೆದು ತನ್ನ ಬಾಯಿಯ ಹತ್ತಿರ ತಂದುಕೊಂಡು, ನನ್ನ ಹಿಡಿತವನ್ನು ಗಲ್ಲಕ್ಕೆ ಒತ್ತಿ, ಮಣಿಕಟ್ಟನ್ನು ತಿರುಚಿ ತಿರುಚಿ ನನ್ನ ಬೆರಳು ಬಿಡಿಸತೊಡಗಿದಳು. ನಾನು ಮತ್ತಷ್ಟು ಬಿಗಿಯಾಗಿ ಹಿಡಿದೆ. ಅವಳು ಬಿಡಿಸಿದಳು. ಕೊನೆಯ ಬೆರಳು ಬಿಟ್ಟದ್ದೇ, ಎರಡೂ ಕಾಲು ಮಡಚಿ ನನ್ನ ಹೊಟ್ಟೆಯ ಮೇಲಿಟ್ಟು ಜಾಡಿಸಿ ಒದ್ದಳು.

ಅಕ್ಕ ನನ್ನನ್ನು ಒದ್ದಳು. ಇಷ್ಟು ವಯಸ್ಸಿನಲ್ಲಿ, ಸಮುದ್ರದ ಒಳಗೆ. ಆ ಒದೆತಕ್ಕೆ ನಾನು ಅಂಗಾತ ಹೊರಗೆ ಹಾರಿದೆ, ಸೆಳೆತದಿಂದ ಈಚೆಗೆ ಬಂದುಬಿದ್ದೆ. ಜಾಕೆಟ್ಟಿನಲ್ಲಿ ತುಂಬಿದ್ದ ಗಾಳಿ ನನ್ನನ್ನು ಮೇಲಕ್ಕೆ ಎತ್ತತೊಡಗಿತು. ವೇಗವಾಗಿ ಎದ್ದರೆ ಶ್ವಾಸಕೋಶ ಹರಿಯುತ್ತದೆ, ಗಾಳಿ ಬಿಡುವ ಹಗ್ಗ ಎಳೆಯಬೇಕು, ಎಳೆದೆ. ಎಳೆಯುತ್ತಲೇ ಕೆಳಗೆ ನೋಡಿದೆ. ಅಕ್ಕ ಇದ್ದ ಜಾಗ ಕಾಣಿಸಿತು. ಅವಳು ಕಾಣಲಿಲ್ಲ. ಕಲ್ಲು ಇದ್ದ ಕಡೆ ಒಂದು ಬಿಳಿ ಕಲೆ, ಪುಡಿ ಎದ್ದ ಹಾಗೆ. ಕೆಳಗೆ ನೀಲಿ, ಕಡುನೀಲಿ, ಆಮೇಲೆ ಏನೂ ಇಲ್ಲ.

ಹಿಂದಿನಿಂದ ಯಾರೋ ನನ್ನ ಸಿಲಿಂಡರಿನ ಪಟ್ಟಿ ಹಿಡಿದರು. ಗೈಡ್. ನಾನು ಕೆಳಗೆ ತೋರಿಸಿದೆ. ಅವನು ನನ್ನ ಗೇಜು ನೋಡಿ, ನನ್ನ ಬಾಯಿಂದ ರೆಗ್ಯುಲೇಟರ್ ಕಿತ್ತು, ತನ್ನ ಸಿಲಿಂಡರಿನ ಇನ್ನೊಂದು ಕೊಳವೆಯದನ್ನು ತುರುಕಿದ. ಆಗ ತಿಳಿಯಿತು, ನನ್ನದರಲ್ಲಿ ಎಳೆದರೆ ಬರುವಷ್ಟು ಗಾಳಿಯೂ ಉಳಿದಿರಲಿಲ್ಲ.

ಡೈವಿಂಗಿನಲ್ಲಿ ನಾನು ಅತ್ಯಂತ ಹೆಚ್ಚು ದ್ವೇಷಿಸುವುದು ಆಮೇಲಿನ ಆ ಕೆಲವು ನಿಮಿಷಗಳನ್ನು. ಅಷ್ಟು ಆಳದಿಂದ ಬಂದವರು ಸೀದಾ ನೀರಿನ ಮೇಲಕ್ಕೆ ಹೋಗುವ ಹಾಗಿಲ್ಲ. ರಕ್ತದಲ್ಲಿ ಸೇರಿದ ಗಾಳಿ ಹೊರಹೋಗಲು, ಐದು ಮೀಟರಿನಲ್ಲಿ ಸುಮ್ಮನೆ ತೇಲುತ್ತ ನಿಲ್ಲಬೇಕು. ತಲೆಯ ಮೇಲೆ ಬಿಸಿಲು ಕಾಣುತ್ತದೆ, ದೋಣಿಯ ಹೊಟ್ಟೆ ಕಾಣುತ್ತದೆ, ಹೋಗುವಂತಿಲ್ಲ. ಕೆಳಗೆ ಅಕ್ಕ ಇದ್ದಾಳೆ, ಇಳಿಯುವಂತಿಲ್ಲ. ಗೈಡ್ ನನ್ನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದ. ಎರಡು ಸಲ ಅವನ ಕೈ ಪರಚಿ ಬಿಡಿಸಿಕೊಳ್ಳಲು ನೋಡಿದೆ. ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ, ಕೆಳಗಿನ ನೀಲಿಯಲ್ಲಿ ಗುಳ್ಳೆ ಹುಡುಕುತ್ತಿದ್ದ. ಇಬ್ಬರಿಗೆ ಒಂದೇ ಸಿಲಿಂಡರ್, ನನ್ನನ್ನು ಬಿಟ್ಟರೆ ನಾನು ಸಾಯುತ್ತೇನೆ, ಬಿಡದಿದ್ದರೆ ಅಕ್ಕನನ್ನು ಹುಡುಕಲು ಅವನು ಹೋಗುವಂತಿಲ್ಲ. ಮಾಸ್ಕಿನೊಳಗೆ ಅತ್ತರೆ ಕಣ್ಣೀರು ಎಲ್ಲಿಗೂ ಹೋಗುವುದಿಲ್ಲ, ಮೂಗಿನ ಬಳಿ ನಿಂತು ಉರಿಯುತ್ತದೆ. ಕೊಟ್ಟೂರಿನಲ್ಲಿ ಈ ಹೊತ್ತಿಗೆ ಅವ್ವ ಅಂಗಳ ಗುಡಿಸಿ ಒಳಗೆ ಹೋಗಿರುತ್ತಾಳೆ ಎಂದು ಯೋಚನೆ ಬಂತು. ಇಬ್ಬರೂ ಕೂಡೇ ಇಳಿದಿದ್ದೆವು. ಏಳುತ್ತಿರುವವಳು ನಾನೊಬ್ಬಳು.

ಮೇಲೆ ಬಂದಾಗ ಸಮುದ್ರ ಬೆಳಿಗ್ಗೆಯ ಹಾಗಿರಲಿಲ್ಲ. ಸಣ್ಣ ಅಲೆಗಳೆದ್ದು ಎತ್ತ ನೋಡಿದರೂ ನೀರಿನ ಗೋಡೆಯೇ ಅಡ್ಡ. ದೋಣಿಯವನು ನಮ್ಮನ್ನು ಹತ್ತಿಸಿಕೊಂಡ. ಮೂರನೆಯವರು ಎಲ್ಲಿ ಎಂದು ಕೇಳಿದ. ಗೈಡ್ ಹೊಸ ಸಿಲಿಂಡರ್ ಎತ್ತಿಕೊಂಡು ಕಟ್ಟತೊಡಗಿದ. ಮತ್ತೆ ಇಳಿದರೆ ಅವನ ಜೀವಕ್ಕೂ ಅಪಾಯ, ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಬೇಡ ಎನ್ನಲಿಲ್ಲ. ದೋಣಿಯ ಮೂತಿಯ ಮೇಲೆ ಹತ್ತಿ ನಿಂತು ನೋಡಿದೆ. ನಮ್ಮಲ್ಲಿ ಪ್ರತಿಯೊಬ್ಬರ ಜೇಬಿನಲ್ಲೂ ಕಿತ್ತಳೆ ಬಣ್ಣದ ಉದ್ದನೆಯ ಬಲೂನು ಇರುತ್ತದೆ, ದೂರ ಎದ್ದವರು ಅದನ್ನು ಊದಿ ನೀರಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಎಲ್ಲಿಯೂ ಕಿತ್ತಳೆ ಬಣ್ಣ ಇರಲಿಲ್ಲ. ಅವಳ ಸಿಲಿಂಡರಿನಲ್ಲಿ ಇನ್ನೆಷ್ಟು ಉಸಿರು ಇದ್ದೀತು ಎಂದು ಲೆಕ್ಕ ಹಾಕಿದೆ. ಮತ್ತೆ ಹಾಕಿದೆ. ಪ್ರತಿ ಸಲ ಲೆಕ್ಕ ಮುಗಿದುಹೋಗುತ್ತಿತ್ತು.

ಗೈಡ್ ನೀರಿಗೆ ಬೀಳಲು ದೋಣಿಯ ಅಂಚಿನಲ್ಲಿ ಕೂತಿದ್ದ. ಆಗ ದೂರದಲ್ಲಿ ಒಂದು ಸೀಟಿ ಕೇಳಿಸಿತು. ಒಂದೇ ಒಂದು, ಉದ್ದಕ್ಕೆ. ಗಾಳಿಯ ಸದ್ದಿರಬೇಕು ಎಂದುಕೊಂಡೆವು. ಮತ್ತೆ ಒಂದು, ಉದ್ದಕ್ಕೆ. ಕೂಡ್ಲಿಗಿ ಬಸ್ಸಿನಲ್ಲಿ ಓಡಾಡಿದ ಯಾರಿಗಾದರೂ ಅದು ಗೊತ್ತಾಗುತ್ತದೆ, ನಿಲ್ಲಿಸು ಎಂದು ಊದುವ ಸೀಟಿ ಅದು. “ಅಕ್ಕ! ನಮ್ಮಕ್ಕ!” ಎಂದು ನಾನು ಕನ್ನಡದಲ್ಲೇ ಕಿರುಚಿದೆ. ದೋಣಿಯವನಿಗೆ ಭಾಷೆ ತಿಳಿಯದಿದ್ದರೂ ಎಂಜಿನ್ ಆ ಕಡೆ ತಿರುಗಿಸಿದ.

ಅವಳು ಬಹಳ ದೂರ ತೇಲಿಹೋಗಿದ್ದಳು. ಹತ್ತಿರ ಹೋದಾಗ ಅಲೆಗಳ ನಡುವೆ ಬರೀ ತಲೆ, ಬಾಯಲ್ಲಿ ಜಾಕೆಟ್ಟಿಗೆ ಕಟ್ಟಿದ ಸೀಟಿ. ನಾವು ಕೈಗೆ ಸಿಕ್ಕುವಷ್ಟು ಹತ್ತಿರ ಬಂದ ಮೇಲೂ ಊದುತ್ತಲೇ ಇದ್ದಳು. ಎತ್ತಿ ದೋಣಿಗೆ ಹಾಕಿದೆವು. ಗೈಡ್ ಅವಳ ಬೆನ್ನಿನ ಭಾರವನ್ನೆಲ್ಲ ಕಳಚಿ, ಮಲಗಿಸಿ, ಮೂಗುಬಾಯಿಗೆ ಆಮ್ಲಜನಕದ ಮಾಸ್ಕ್ ಇಟ್ಟ. ಕೈಕಾಲು ಜೋಮು ಹಿಡಿದಿದೆಯೇ, ಕಣ್ಣು ಮಂಜಾಗಿದೆಯೇ ಎಂದು ಕೇಳಿದ. ಅವಳು ಇಲ್ಲ ಎಂದಳು. ಎಲ್ಲಿ ನಿಂತು ಬಂದಿರಿ ಎಂದ. ಐದು ಮೀಟರಿನಲ್ಲಿ ನಿಂತೆ, ಹೇಳಿದ್ದಕ್ಕಿಂತ ಹೆಚ್ಚೇ ನಿಂತೆ, ಗಾಳಿ ಮುಗಿಯುವ ತನಕ ನಿಂತೆ ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದಳು. ಗೈಡ್ ಅವಳ ಪಾದ ಮುಟ್ಟಿ ಪಕ್ಕಕ್ಕೆ ಹೋಗಿ ಕೂತ. ಅವನು ಅಳುತ್ತಿದ್ದ ಎಂದು ಕಾಣುತ್ತದೆ.

ನಾನು ಅಳಲಿಲ್ಲ. ನನಗೆ ಅಸಾಧ್ಯ ಸಿಟ್ಟು ಬಂದಿತ್ತು. “ಬಲೂನು ಯಾಕ ಊದ್ಲಿಲ್ಲ? ಆ? ಜೇಬಿನಾಗ ಇಟ್ಕೊಂಡು ಊರಿಗೆ ಒಯ್ಯಾಕಿದ್ದೇನು? ಹತ್ತು ಸಲ ಆ ಕಡೆ ನೋಡೇನಿ ನಾನು!”

ಅವಳು ಏಳಲು ನೋಡಿದಳು, ನಾನು ಭುಜ ಒತ್ತಿ ಮಲಗಿಸಿದೆ.

“ನನ್ನ ಯಾಕ ಒದ್ದಿ?”

ಅವಳು ಮಾಸ್ಕನ್ನು ಬಾಯಿಂದ ಸ್ವಲ್ಪ ಸರಿಸಿದಳು. “ನಿನ್ನ ಮುಳ್ಳು ಕೆಂಪಿಗೆ ಬಂದಿತ್ತು. ನಾ ಬಿಡೂತನ ನೀ ಅಲ್ಲೇ ಇರ್ತಿದ್ದಿ. ನಿನಗೇನು, ಹಟಮಾರಿ.”

“ಹಂಗಾದ್ರ ಇಬ್ರೂ ಕೂಡೇ ಬರಬೇಕಿತ್ತಿಲ್ಲ? ಕೈ ಬಿಟ್ಟಿದ್ರ ಮುಗೀತಿತ್ತು!”

ಅವಳು ಬದುಕಿ ನನ್ನ ಮುಂದೆ ಇದ್ದಾಳೆ ಎಂಬುದು ನಿಧಾನವಾಗಿ ನನ್ನ ತಲೆಗೆ ಇಳಿಯಿತು. ಸಿಟ್ಟು ಕರಗಿತು. ಅವಳ ಒದ್ದೆ ಕೂದಲನ್ನು ಹಣೆಯಿಂದ ಸರಿಸಿ, “ಹೋಗ್ಲಿ ಬಿಡು. ಕಡೀಗೂ ಗೋಡಿ ಬಿಟ್ಟಿಯಲ್ಲ. ನಾ ಬಂದ ಮ್ಯಾಲೆ ಬಿಟ್ಟಿ, ಆದ್ರೂ ಬಿಟ್ಟಿ. ದೊಡ್ಡ ಧೈರ್ಯ ಮಾಡಿದಿ ಯಕ್ಕ,” ಎಂದೆ.

ಅವಳು ಇಲ್ಲ ಎಂದು ತಲೆಯಾಡಿಸಿದಳು. ನೀರಿನ ಕೆಳಗೆ ಆಡಿಸಿದ ಹಾಗೆಯೇ. ಆಮೇಲೆ ಎಡಗೈಯನ್ನು ಎತ್ತಿ ನನ್ನ ಮುಂದೆ ಹಿಡಿದಳು. ಆಗಲೇ ನಾನು ನೋಡಿದ್ದು, ದೋಣಿ ಹತ್ತಿದಾಗಿನಿಂದ ಆ ಕೈ ಮುಷ್ಟಿಯಾಗಿಯೇ ಇತ್ತು, ಬಲೂನು ಬಿಚ್ಚಲು ಅವಳಿಗಿದ್ದದ್ದು ಒಂದೇ ಕೈ. ಬೆರಳ ಸಂದಿಯಿಂದ ರಕ್ತ ಜಿನುಗುತ್ತಿತ್ತು. ಮುಷ್ಟಿಯ ಒಳಗಿಂದ ಬಿಳಿ ಕಲ್ಲಿನ ಒಂದು ಚೂಪು ತುದಿ ಹೊರಗೆ ಬಂದಿತ್ತು.

“ನಿನ್ನ ಕೈ ಬಿಡಸಾಕ ಬಂತು,” ಎಂದಳು. “ನಂದು ಬಿಡಸಾಕ ಬರ್ಲಿಲ್ಲ. ಬಿಡು ಬಿಡು ಅಂತ ನಾನೂ ಹೇಳ್ದೆ. ಕೇಳ್ಲಿಲ್ಲ ಇದು.”

“ಮತ್ತ?”

“ನಿನ್ನ ಒದ್ದೆನಲ್ಲ, ಆ ಜೋರಿಗೆ ಕಲ್ಲು ಕಿತ್ತು ಬಂತು. ನೀರು ಎಳಕೊಂಡು ಕೆಳಗ ಹೋತು, ಆಮ್ಯಾಲೆ ತಾನ ಹೊರಗ ತಂದು ಬಿಡ್ತು.” ಅವಳ ದನಿ ಬಸ್ಸಿನ ದನಿಯಾಗಿರಲಿಲ್ಲ. “ನಾ ಗೋಡಿ ಬಿಡ್ಲಿಲ್ಲಲೇ. ಗೋಡಿನ ನನ್ನ ಬಿಡ್ತು.”

ಕಲ್ಲು ಗಟ್ಟಿಯಾಗಿದ್ದಿದ್ದರೆ ಅವಳು ಈಗಲೂ ಅಲ್ಲೇ ಇರುತ್ತಿದ್ದಳು. ನನ್ನನ್ನು ಒದ್ದು ಕಳಿಸಿದಾಗ ಅದು ಅವಳಿಗೆ ಗೊತ್ತಿತ್ತು. ತಾನು ಬರುವುದಿಲ್ಲ ಎಂದು ತಿಳಿದೇ ನನ್ನ ಬೆರಳುಗಳನ್ನು ಬಿಡಿಸಿದ್ದಳು.

ದೋಣಿ ದಡದ ಕಡೆ ಹೊರಟಿತು. ಅವಳು ಮುಷ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, “ತೆಗಿ ಇದನ್ನ. ನನಗ ಬರವಲ್ದು,” ಎಂದಳು. ನಾನು ಕಿರುಬೆರಳಿನಿಂದ ಶುರುಮಾಡಿದೆ. ಅದು ಮರದ ಹಾಗೆ ಬಿರುಸಾಗಿತ್ತು. ಬಾಯಿಂದ ಬಿಸಿ ಉಸಿರು ಊದಿ, ಉಜ್ಜಿ, ಒಂದನ್ನು ಎತ್ತಿದರೆ ಇನ್ನೊಂದು ಮಡಚಿಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿ, ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ನೋಡದಿದ್ದ ಹಾಗೆ, ಸಣ್ಣ ಹುಡುಗಿಯಂತೆ ಜೋರಾಗಿ ಅಳುತ್ತಿದ್ದಳು. ದಡ ಬರುವಷ್ಟರಲ್ಲಿ ಮೂರು ಬೆರಳು ಬಿಡಿಸಿದ್ದೆ.